ಟ್ರೌಟ್ ಮೀನಿಗೆ 1763ರಲ್ಲೇ ಸಿಕ್ಕಿದ್ದ ವಿದ್ಯೆ ನಮ್ಮ ಕಾಟ್ಲಕ್ಕೆ 1957ರವರೆಗೆ ಏಕೆ ಕಾಯಬೇಕಾಯಿತು?

ಪ್ರಶ್ನೆ: ಕೆರೆ ಏರಿಯ ಲೆಕ್ಕಿಗ, ಕೋಲಾರ ತಾಲ್ಲೂಕು

ಮಾನ್ಯರೇ,

ನಮ್ಮೂರ ಕೆರೆಯ ಮೀನು ಗುತ್ತಿಗೆ ಹಿಡಿದಿರುವ ಸಹಕಾರ ಸಂಘದ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಬಲೆ ಬೀಸುವ ಕೈ ನನ್ನದಲ್ಲ. ಪ್ರತಿ ವರ್ಷ ಮಳೆಗಾಲದಲ್ಲಿ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಟ್ಲ, ರೋಹು ಮತ್ತು ಸಾಮಾನ್ಯ ಗೆಂಡೆಯ ಬಿತ್ತನೆ ಮರಿಗಳು ಬರುತ್ತವೆ. ಚೀಲಗಳನ್ನು ಅರ್ಧ ಗಂಟೆ ಕೆರೆಯಲ್ಲೇ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚುತ್ತೇವೆ. ಮರಿಗಳು ಒಮ್ಮೆಗೇ ಹೊರಗೆ ಹೋಗುವುದಿಲ್ಲ. ಚೀಲದ ಬಾಯಲ್ಲಿ ಸ್ವಲ್ಪ ಹೊತ್ತು ಗುಂಪುಗೂಡಿ ನಿಂತು, ಒಂದು ಮುಂದೆ ಹೋದ ಮೇಲೆ ಉಳಿದವು ಅದರ ಹಿಂದೆ ಸಾಲಾಗಿ ಜಾರಿಕೊಳ್ಳುತ್ತವೆ. ಆ ದಿನ ನಾನು ಪುಸ್ತಕದಲ್ಲಿ "ಇಷ್ಟು ಸಾವಿರ ಮರಿ ಬಿಡಲಾಗಿದೆ" ಎಂದು ಬರೆದು ಸಹಿ ಹಾಕುತ್ತೇನೆ.

ಇತ್ತೀಚೆಗೆ ಮೀನುಮರಿ ಉತ್ಪಾದನೆಯ ಇತಿಹಾಸವನ್ನು ಓದುತ್ತಿದ್ದಾಗ ಎರಡು ಇಸವಿಗಳು ನನ್ನನ್ನು ತಡೆದು ನಿಲ್ಲಿಸಿದವು. ಜರ್ಮನಿಯ ಸ್ಟೀಫನ್ ಲುಡ್ವಿಗ್ ಜಾಕೋಬಿ ಎಂಬಾತ ಟ್ರೌಟ್ ಮೀನಿನ ಹೊಟ್ಟೆಯನ್ನು ಕೈಯಿಂದ ಒತ್ತಿ ಮೊಟ್ಟೆ ತೆಗೆದು, ಗಂಡಿನ ವೀರ್ಯ ಬೆರೆಸಿ ಮರಿ ಮಾಡುವ ಕ್ರಮವನ್ನು ಪ್ರಕಟಿಸಿದ್ದು 1763ರಲ್ಲಿ. ನಮ್ಮ ದೇಶದಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದ ಅಂಗುಲ್‌ನಲ್ಲಿ ಗೆಂಡೆ ಜಾತಿಯ ಮೀನುಗಳಿಂದ ಪ್ರಚೋದಿತ ಸಂತಾನೋತ್ಪತ್ತಿ (ಮನುಷ್ಯನ ಪ್ರೇರಣೆಯಿಂದ ಮೊಟ್ಟೆ ಇಡಿಸುವುದು) ಮಾಡಿಸಿದ್ದು 1957ರ ಜುಲೈ 10ರಂದು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ನಡುವೆ 194 ವರ್ಷ. ಬ್ರಿಟಿಷರ ಕಾಲದಲ್ಲಿ ರೈಲು, ತಂತಿ, ಸಿಂಕೋನ ಗಿಡ ಎಲ್ಲವೂ ನಮ್ಮಲ್ಲಿಗೆ ಬಂದವು. ಹೊಟ್ಟೆ ಒತ್ತಿ ಮರಿ ಮಾಡುವಷ್ಟು ಸರಳವಾದ ವಿದ್ಯೆ ಮಾತ್ರ ಏಕೆ ಬರಲಿಲ್ಲ? ಇದು ಅಸಡ್ಡೆಯೇ ಅಥವಾ ಮೀನಿನಲ್ಲೇ ಏನಾದರೂ ಅಡ್ಡಿ ಇತ್ತೇ?

ಇನ್ನೊಂದು ಸಂಶಯವೂ ಇದೆ. ಬಿಟ್ಟ ಮರಿಗಳಲ್ಲಿ ಎಷ್ಟು ಬದುಕಿ ಮೀನಾಗುತ್ತವೆ ಎಂಬುದನ್ನು ಹಿಂದೆ ಯಾರಾದರೂ ಲೆಕ್ಕ ಹಾಕಿದ್ದರೇ? ನಮ್ಮ ಸಂಘದ ಪುಸ್ತಕದಲ್ಲಿ ಬಿಟ್ಟ ಲೆಕ್ಕವಿದೆ, ಹಿಡಿದ ತೂಕವಿದೆ. ಎರಡಕ್ಕೂ ನಡುವೆ ಏನಾಯಿತು ಎಂಬುದಕ್ಕೆ ಕಾಲಮ್ಮೇ ಇಲ್ಲ.

ಉತ್ತರ 1: ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ತುಮಕೂರು

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಮೀನಿನ ಒಳಗೇ ಇದೆ. ಅಸಡ್ಡೆಯೂ ಇತ್ತು, ಆದರೆ ಅದು ಎರಡನೆಯ ಕಾರಣ.

ಟ್ರೌಟ್ ತಣ್ಣೀರಿನ ಮೀನು. ಚಳಿಗಾಲ ಹತ್ತಿರ ಬಂದಂತೆ ಅದರ ಮೊಟ್ಟೆ ಹೊಟ್ಟೆಯಲ್ಲೇ ಪೂರ್ತಿ ಮಾಗುತ್ತದೆ. ತೊಟ್ಟಿಯಲ್ಲಿ ಕೂಡಿಹಾಕಿದ್ದರೂ ಮಾಗುತ್ತದೆ. ಬಟಾಣಿಗಿಂತ ಸ್ವಲ್ಪ ಚಿಕ್ಕದಾದ, ಬರಿಗಣ್ಣಿಗೆ ಚೆನ್ನಾಗಿ ಕಾಣುವ ಮೊಟ್ಟೆಗಳು, ಕಿಲೋ ತೂಕದ ಹೆಣ್ಣಿಗೆ ಒಂದೂವರೆ ಎರಡು ಸಾವಿರದಷ್ಟು. ಜಾಕೋಬಿ ಹೊಳೆಯ ದಡದಲ್ಲಿ ಕುಳಿತು, ಹೆಣ್ಣು ಬಾಲದಿಂದ ಜಲ್ಲಿಕಲ್ಲಿನಲ್ಲಿ ಗುಳಿ ತೋಡುವುದನ್ನೂ, ಗಂಡು ಬಂದು ಮೊಟ್ಟೆಯ ಮೇಲೆ ವೀರ್ಯ ಸುರಿಯುವುದನ್ನೂ ನೋಡಿದ್ದ. ಅದನ್ನೇ ಕೈಯಿಂದ ಮಾಡಿದ. ಎರಡೂ ತುದಿಗೆ ಜಾಲರಿ ಹಾಕಿದ ಮರದ ಪೆಟ್ಟಿಗೆಯಲ್ಲಿ ಜಲ್ಲಿ ಹರಡಿ, ಫಲಿತ ಮೊಟ್ಟೆಗಳನ್ನು ಇಟ್ಟು, ಒರತೆಯ ನೀರು ಸದಾ ಹರಿಯುವಂತೆ ಬಿಟ್ಟ. ಹತ್ತು ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಮರಿಯಾಗಲು ಒಂದೂವರೆ ತಿಂಗಳು ಹಿಡಿಯುತ್ತದೆ. ಕೆಟ್ಟ ಮೊಟ್ಟೆಗಳನ್ನು ಆರಿಸಿ ಬಿಸಾಡಲು ಬೇಕಾದಷ್ಟು ಸಮಯ.

ಆದರೆ ಆ ವಿದ್ಯೆ ಯುರೋಪಿನಲ್ಲಿಯೂ ಎಂಬತ್ತು ವರ್ಷ ಮೂಲೆ ಸೇರಿತ್ತು. 1840ರ ದಶಕದಲ್ಲಿ ಫ್ರಾನ್ಸಿನ ವೋಜ್ ಬೆಟ್ಟಸಾಲಿನ ಲಾ ಬ್ರೆಸ್ ಎಂಬ ಹಳ್ಳಿಯಲ್ಲಿ ಜೋಸೆಫ್ ರೆಮಿ ಎಂಬ ಮೀನುಗಾರ, ಜಾಕೋಬಿಯ ಹೆಸರನ್ನೇ ಕೇಳದೆ, ಅದೇ ಕ್ರಮವನ್ನು ತಾನೇ ಕಂಡುಕೊಂಡು, ಗೆಳೆಯ ಆಂಟ್ವಾನ್ ಗೆಹಾನ್ ಜೊತೆ ಸೇರಿ, ತೂತು ಕೊರೆದ ಸತುವಿನ ಡಬ್ಬಿಗಳಲ್ಲಿ ಮೊಟ್ಟೆಗಳನ್ನಿಟ್ಟು ಹೊಳೆಯಲ್ಲಿ ಮುಳುಗಿಸಿ ಮರಿ ಮಾಡಿದ. ಪ್ಯಾರಿಸ್ಸಿನ ಪಂಡಿತರಿಗೆ ಇದು ತಿಳಿದ ಮೇಲೆ ವಿಕ್ಟರ್ ಕೋಸ್ಟ್ ಅವರ ಒತ್ತಾಯದಿಂದ 1852ರಲ್ಲಿ ಆಲ್ಸೇಸಿನ ಹ್ಯೂನಿಂಗ್‌ನಲ್ಲಿ ಸರ್ಕಾರಿ ಮೀನುಮರಿ ಕೇಂದ್ರ ಶುರುವಾಯಿತು. ಹೆಸರು ಕೋಸ್ಟ್ ಅವರಿಗೆ ಬಂತು. ಹೊಳೆಯಲ್ಲಿ ಮೊಣಕಾಲುದ್ದ ನಿಂತವನು ರೆಮಿ. ಇಂಥದ್ದು ನಮಗೂ ಹೊಸತೇನಲ್ಲ.

ಅದೇ ದಶಕದಲ್ಲಿ ರಷ್ಯಾದ ವ್ರಾಸ್ಕಿ ಒಂದು ಸಣ್ಣ ತಿದ್ದುಪಡಿ ಮಾಡಿದರು. ನನ್ನ ಎಣಿಕೆಯಲ್ಲಿ ಇಡೀ ಕಥೆಯ ಅತ್ಯಂತ ಜಾಣತನದ ಹೆಜ್ಜೆ ಅದು. ಅಲ್ಲಿಯವರೆಗೆ ಎಲ್ಲರೂ ಮೊಟ್ಟೆಯನ್ನು ನೀರಿಗೆ ಹಿಂಡುತ್ತಿದ್ದರು, ಹೊಳೆಯಲ್ಲಿ ನಡೆಯುವುದೂ ಹಾಗೆಯೇ ಅಲ್ಲವೇ ಎಂದುಕೊಂಡು. ನೀರು ತಗುಲಿದ ಕೂಡಲೇ ಟ್ರೌಟಿನ ವೀರ್ಯಾಣು ಚುರುಕಾಗಿ, ಅರ್ಧ ನಿಮಿಷದ ಸುಮಾರಿಗೆ ಸೋತುಹೋಗುತ್ತದೆ. ಮೊಟ್ಟೆಯೂ ನೀರು ಹೀರಿ ಉಬ್ಬಿ, ವೀರ್ಯಾಣು ಹೊಗುವ ಸೂಕ್ಷ್ಮ ರಂಧ್ರ ಮುಚ್ಚಿಕೊಳ್ಳುತ್ತದೆ. ವ್ರಾಸ್ಕಿ ಒಣ ಪಾತ್ರೆಯಲ್ಲಿ ಎರಡನ್ನೂ ಮೊದಲು ಕಲಸಿ ಆಮೇಲೆ ನೀರು ಸೇರಿಸಿದರು. ಫಲಿತವಾಗುವ ಮೊಟ್ಟೆಗಳ ಪ್ರಮಾಣ ಎಷ್ಟೋ ಪಾಲು ಹೆಚ್ಚಿತು.

ಈಗ ಕಾಟ್ಲಕ್ಕೆ ಬನ್ನಿ. ಕಾಟ್ಲ, ರೋಹು, ಮೃಗಾಲ ಇವು ದೊಡ್ಡ ಹೊಳೆಯ ಮೀನುಗಳು. ಕೆರೆಯಲ್ಲಿ ಅವು ಬೆಳೆಯುತ್ತವೆ, ಹೊಟ್ಟೆ ತುಂಬ ಮೊಟ್ಟೆಯನ್ನೂ ಕಟ್ಟುತ್ತವೆ, ಆದರೆ ಕೊನೆಯ ಮಾಗುವಿಕೆ ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಮಳೆಗಾಲದ ಹೊಸ ನೀರು, ಪ್ರವಾಹದ ಸೆಳೆತ, ನೀರು ಹರಡಿಕೊಂಡ ಬಯಲು ಬೇಕು. ಆ ಸೂಚನೆ ಸಿಕ್ಕಾಗ ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹಾರ್ಮೋನು ಬಿಡುಗಡೆ ಮಾಡುತ್ತದೆ, ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಕರಗಿಹೋಗುತ್ತದೆ. ಕೆರೆಯ ಕಾಟ್ಲದ ಹೊಟ್ಟೆಯನ್ನು ಎಷ್ಟು ಒತ್ತಿದರೂ ಮಾಗಿದ ಮೊಟ್ಟೆ ಬರುವುದಿಲ್ಲ. ಜಾಕೋಬಿಯ ಕೈಗೆ ಕಾಟ್ಲ ಕೊಟ್ಟಿದ್ದರೆ ಆತನೂ ಸೋಲುತ್ತಿದ್ದ.

ಹಾಗಾದರೆ 1957ಕ್ಕೆ ಮುಂಚೆ ಮರಿ ಎಲ್ಲಿಂದ ಬರುತ್ತಿತ್ತು? ಬಂಗಾಳದ ಹೊಳೆಗಳಲ್ಲಿ ಪ್ರವಾಹ ಬಂದಾಗ ಸಣ್ಣ ಕಣ್ಣಿನ ಬಲೆ ಒಡ್ಡಿ ಹಿಡಿದು, ಮಣ್ಣಿನ ಮಡಕೆಗಳಲ್ಲಿ ತುಂಬಿ, ಗಾಳಿ ಬೆರೆಯಲೆಂದು ದಾರಿಯುದ್ದಕ್ಕೂ ಮಡಕೆಗಳನ್ನು ಅಲುಗಿಸುತ್ತಾ ಸಾಗಿಸುತ್ತಿದ್ದರು. ಬಲೆಗೆ ಬಂದದ್ದು ಯಾವ ಮರಿ ಎಂದು ಮೊದಲೇ ಹೇಳಲಾಗುತ್ತಿರಲಿಲ್ಲ. ಕಾಟ್ಲದ ಜೊತೆ ಕಾಟ್ಲವನ್ನು ತಿನ್ನುವ ಮೀನಿನ ಮರಿಯೂ ಸೇರಿರುತ್ತಿತ್ತು. ಪಶ್ಚಿಮ ಬಂಗಾಳದ ಬಾಂಕುರಾ, ಮೇದಿನೀಪುರಗಳ ಕಡೆ ಮಳೆನೀರು ನುಗ್ಗುವ ಹಾಗೆ ಕಟ್ಟೆ ಕಟ್ಟಿ, ಕೆರೆಯ ಮೀನಿಗೇ ಹೊಳೆಯ ಭ್ರಮೆ ಹುಟ್ಟಿಸಿ ಮೊಟ್ಟೆ ಇಡಿಸುವ ಜಾಣ್ಮೆಯೂ ಇತ್ತು.

ಬೀಗ ತೆಗೆಯುವ ಕೈ ಸಿಕ್ಕಿದ್ದು ದಕ್ಷಿಣ ಅಮೆರಿಕದಲ್ಲಿ. 1930ರ ಸುಮಾರಿಗೆ ಅರ್ಜೆಂಟೀನಾದ ಬರ್ನಾರ್ಡೋ ಹೌಸ್ಸೆ ಮೀನಿಗೆ ಪಿಟ್ಯುಟರಿ ಸಾರ ಚುಚ್ಚಿ ನೋಡಿದರು. ಬ್ರೆಜಿಲ್‌ನ ಫಾನ್ ಇಹೆರಿಂಗ್ ಅದನ್ನು ಮರಿ ಉತ್ಪಾದನೆಗೆ ಒಗ್ಗಿಸಿದರು. ಚೌಧುರಿಯವರು 1955ರಲ್ಲಿ ಮೊದಲು ಒಂದು ಬೆರಳುದ್ದದ ಸಣ್ಣ ಮೀನಿನ ಮೇಲೆ ಯಶಸ್ಸು ಕಂಡು, ಎರಡು ವರ್ಷಗಳ ನಂತರ, ಕೆ.ಎಚ್. ಅಲಿಕುಂಞಿಯವರ ಜೊತೆ, ದೊಡ್ಡ ಗೆಂಡೆಗಳಲ್ಲಿ ಅದನ್ನು ಸಾಧಿಸಿದರು. ಮೀನಿನ ಕಣ್ಣಿಗೆ ಕಾಣದ ಮಳೆಯನ್ನು ಅವರು ಸೂಜಿಯ ಮೂಲಕ ರಕ್ತಕ್ಕೆ ಸೇರಿಸಿದರು ಎನ್ನಬಹುದು.

ಉತ್ತರ 2: ಮೀನುಮರಿ ಪಾಲಕ, ಗೌರಿಬಿದನೂರು ತಾಲ್ಲೂಕು

ಉಪನ್ಯಾಸಕರು ಬರೆದದ್ದನ್ನು ನಾನು ಕೈಯಾರೆ ಮಾಡಿದ್ದೇನೆ. ಈಗ ಸಿದ್ಧ ಹಾರ್ಮೋನು ಸೀಸೆಯಲ್ಲಿ ಬರುತ್ತದೆ. ನಾನು ಕೆಲಸ ಕಲಿತ ಕಾಲದಲ್ಲಿ, ಮಾರಾಟಕ್ಕೆ ಕತ್ತರಿಸಿದ ಬಲಿತ ಮೀನಿನ ತಲೆಬುರುಡೆ ಬಿಡಿಸಿ, ಮೆದುಳನ್ನು ಮೆಲ್ಲನೆ ಎತ್ತಿ, ಅದರ ಕೆಳಗಿನ ಪುಟ್ಟ ಗುಳಿಯಲ್ಲಿ ರಾಗಿಕಾಳಿನಷ್ಟಿದ್ದ ಬಿಳಿಯ ಗ್ರಂಥಿಯನ್ನು ಚಿಮುಟದಿಂದ ತೆಗೆದು, ಆಲ್ಕೋಹಾಲಿನ ಸೀಸೆಯಲ್ಲಿ ಕೂಡಿಡುತ್ತಿದ್ದೆವು. ಬೇಕಾದಾಗ ಅರೆದು, ನೀರಿನಲ್ಲಿ ಕಲಸಿ, ತಿಳಿಯನ್ನು ಸಂಜೆ ಹೆಣ್ಣಿಗೆ ಚುಚ್ಚುವುದು. ಆರು ಗಂಟೆಯ ನಂತರ ಹೆಣ್ಣಿಗೆ ಎರಡನೆಯದು, ಗಂಡಿಗೆ ಒಂದೇ. ಆಮೇಲೆ ನೀರಿನಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿಯಾದ ಹಪ್ಪಾದೊಳಗೆ ಜೊತೆಯಾಗಿ ಬಿಟ್ಟು ಕಾಯುವುದು. ನಡುರಾತ್ರಿ ಕಳೆದ ಮೇಲೆ ನೀರು ಒಮ್ಮೆಗೇ ಕದಡಿದ ಸದ್ದು ಬರುತ್ತದೆ. ಬೆಳಗ್ಗೆ ಹಪ್ಪಾದ ಮೂಲೆ ಎತ್ತಿದರೆ ನೆನೆಹಾಕಿದ ಸಬ್ಬಕ್ಕಿಯಂತೆ ಪಾರದರ್ಶಕ ಮೊಟ್ಟೆಗಳು. ಹುರುಳು ಇಲ್ಲದವು ಬೆಳ್ಳಗೆ ಮಸುಕಾಗಿರುತ್ತವೆ. ನಮ್ಮ ಬೆಚ್ಚಗಿನ ನೀರಿನಲ್ಲಿ ಹದಿನಾಲ್ಕರಿಂದ ಹದಿನೆಂಟು ಗಂಟೆಗೆ ಮರಿ ಹೊರಬರುತ್ತದೆ. ಟ್ರೌಟಿನ ಒಂದೂವರೆ ತಿಂಗಳ ಕೆಲಸ ನಮಗೆ ಒಂದು ಹಗಲಿನದು, ಆದ್ದರಿಂದ ತಪ್ಪು ತಿದ್ದಿಕೊಳ್ಳಲು ಸಮಯವೂ ಇರುವುದಿಲ್ಲ.

ಸಾಮಾನ್ಯ ಗೆಂಡೆಗೆ ಇದ್ಯಾವುದೂ ಬೇಡ. ಅದು ನಿಂತ ನೀರಿನಲ್ಲೇ ಜೊಂಡಿಗೆ, ಪಾಚಿಗಿಡಕ್ಕೆ ಅಂಟುವ ಮೊಟ್ಟೆ ಇಡುತ್ತದೆ. ಲೆಕ್ಕಿಗರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಉತ್ತರ 3: ಪ್ರೌಢಶಾಲಾ ಶಿಕ್ಷಕಿ, ಚಿಂತಾಮಣಿ

ಒಂದು ವಿಷಯ ಸೇರಿಸಬಹುದೇ? ನಮ್ಮವರಿಗೆ ಮೀನಿನ ಶಾಸ್ತ್ರವೇ ಗೊತ್ತಿರಲಿಲ್ಲ ಎಂಬಂತೆ ಚರ್ಚೆ ಸಾಗಬಾರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದದ ಭಾಗವಿದೆ. ಮೀನುಗಳ ಬಗೆಗಳು, ಅವಕ್ಕೆ ಹಾಕುವ ಆಹಾರ, ಗಾಳ ಹಾಕುವ ಕ್ರಮ ಅದರಲ್ಲಿವೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಇದರ ಬಗ್ಗೆ ಬರೆದಿದ್ದಾರೆ.

ಉತ್ತರ 4: ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ತುಮಕೂರು

ಶಿಕ್ಷಕಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಅಲ್ಲಿರುವುದು ಹಿಡಿಯುವ ಮತ್ತು ಮೇಯಿಸುವ ವಿದ್ಯೆ. ಮರಿ ಮಾಡಿಸುವುದು ಅಲ್ಲಿಲ್ಲ. ಎರಡನ್ನೂ ಒಂದೇ ಎಂದು ಹೊಗಳುವುದಕ್ಕಿಂತ ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಆ ಗ್ರಂಥಕ್ಕೆ ಮರ್ಯಾದೆ.

ಲೆಕ್ಕಿಗರು ಕೇಳಿದ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಮೀನುಗಾರಿಕಾ ವಿಜ್ಞಾನ ಒಂದು ಶಾಸ್ತ್ರವಾಗಿ ನಿಂತದ್ದು ಅದನ್ನು ಕೇಳತೊಡಗಿದ ಮೇಲೆ. ಅಮೆರಿಕದಲ್ಲಿ 1871ರಲ್ಲಿ ಸ್ಪೆನ್ಸರ್ ಬೇರ್ಡ್ ಅವರ ನೇತೃತ್ವದಲ್ಲಿ ಮೀನು ಆಯೋಗ ಆರಂಭವಾಯಿತು. ಮೀನು ಏಕೆ ಕಡಿಮೆಯಾಗುತ್ತಿದೆ ಎಂದು ತಿಳಿಯುವುದು ಅದರ ಮೊದಲ ಕೆಲಸವಾಗಿತ್ತು, ಆದರೆ ಶಾಸನಸಭೆಯವರಿಗೆ ರುಚಿಸಿದ್ದು ಮರಿ ಬಿಡುವ ಕೆಲಸ. ಬಲೆಗೆ ಮಿತಿ ಹಾಕಿದರೆ ಮತದಾರರು ಮುನಿಯುತ್ತಾರೆ, ಮರಿ ಬಿಟ್ಟರೆ ಎಲ್ಲರೂ ನಗುತ್ತಾರೆ. ಮರಿಗಳನ್ನು ರೈಲಿನಲ್ಲಿ ಖಂಡದ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಿಸಿದರು. 1873ರಲ್ಲಿ ಲಿವಿಂಗ್‌ಸ್ಟನ್ ಸ್ಟೋನ್ ಕ್ಯಾಲಿಫೋರ್ನಿಯಕ್ಕೆ ಒಯ್ಯುತ್ತಿದ್ದ ಮೀನಿನ ಬೋಗಿ ನೆಬ್ರಾಸ್ಕದಲ್ಲಿ ಸೇತುವೆ ಕುಸಿದು ಎಲ್ಕ್‌ಹಾರ್ನ್ ಹೊಳೆಗೆ ಬಿತ್ತು. ತಲುಪಬೇಕಾದ ಊರು ತಪ್ಪಿತಾದರೂ ಮೀನಿಗೆ ನೀರಂತೂ ಸಿಕ್ಕಿತು. ಅದೇ ಬೇರ್ಡ್ ಅವರ ಕಾಲದಲ್ಲಿ ಯುರೋಪಿನಿಂದ ತರಿಸಿ ಹಂಚಿದ ಗೆಂಡೆಯನ್ನು ಅಮೆರಿಕನ್ನರು ಆಮೇಲೆ ಪೀಡೆಯೆಂದು ಶಪಿಸಿದರು.

ಕಡಲಿನ ಕಥೆ ಇನ್ನೂ ವಿಚಿತ್ರ. ಕಾಡ್ ಮೀನಿನ ಮೊಟ್ಟೆಗಳು ತಳದಲ್ಲಿರದೆ ಮೇಲ್ನೀರಿನಲ್ಲಿ ತೇಲುತ್ತವೆ ಎಂದು ನಾರ್ವೆಯ ಜಿ.ಒ. ಸಾರ್ಸ್ 1860ರ ದಶಕದಲ್ಲಿ ಲೋಫೋಟೆನ್‌ನಲ್ಲಿ ಕಂಡುಕೊಂಡರು. ಅದರ ಬಲದ ಮೇಲೆ 1880ರ ದಶಕದಲ್ಲಿ ಡ್ಯಾನೆವಿಗ್ ಎಂಬ ಹಡಗಿನ ಕಪ್ತಾನ ಫ್ಲೋಡೆವಿಗೆನ್‌ನಲ್ಲಿ ಕಾಡ್ ಮರಿ ಕೇಂದ್ರ ತೆರೆದು, ಇನ್ನೂ ಹಳದಿಚೀಲ (ಹೊಟ್ಟೆಗೆ ಅಂಟಿಕೊಂಡಿರುವ ಆಹಾರದ ಚೀಲ) ಕರಗದ ಮರಿಗಳನ್ನು ಕೋಟಿಗಟ್ಟಲೆ ಸಮುದ್ರಕ್ಕೆ ಬಿಡತೊಡಗಿದರು. 1883ರಲ್ಲಿ ಲಂಡನ್ನಿನ ಮೀನುಗಾರಿಕೆ ಪ್ರದರ್ಶನದಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿಯಂಥ ದೊಡ್ಡವರೇ ಕಡಲಿನ ಮುಖ್ಯ ಮೀನುಗಾರಿಕೆಗಳು ಬಹುಶಃ ಬರಿದಾಗುವಂಥವಲ್ಲ ಎಂದಿದ್ದರು. ಒಂದೆಡೆ ಬರಿದಾಗದು ಎಂಬ ನಂಬಿಕೆ, ಇನ್ನೊಂದೆಡೆ ಬರಿದಾದರೆ ತುಂಬಬಹುದು ಎಂಬ ನಂಬಿಕೆ. ಎರಡೂ ಕಡೆಯವರ ಹತ್ತಿರ ಎಣಿಕೆ ಇರಲಿಲ್ಲ. ಒಂದು ದೊಡ್ಡ ಕಾಡ್ ಹೆಣ್ಣು ತಾನೇ ಹತ್ತಾರು ಲಕ್ಷ ಮೊಟ್ಟೆ ಇಡುವಾಗ, ಕೇಂದ್ರದ ಕೋಟಿ ಮರಿ ಕೆಲವೇ ಹೆಣ್ಣುಗಳ ಕೆಲಸಕ್ಕೆ ಸಮ.

ಎಣಿಕೆ ತಂದವರಲ್ಲಿ ನಾರ್ವೆಯ ಯೋಹಾನ್ ಯೋರ್ಟ್ ಮುಖ್ಯರು. ಮೀನಿನ ಹುರುಪೆಯಲ್ಲಿ ಮರದ ಬಳೆಗಳಂತೆ ವರ್ಷದ ಗೆರೆಗಳಿರುತ್ತವೆ. ಹೆರಿಂಗ್ ಮೀನಿನ ಹುರುಪೆಗಳನ್ನು ವರ್ಷವರ್ಷವೂ ಓದಿದಾಗ, 1904ರಲ್ಲಿ ಹುಟ್ಟಿದ ಒಂದೇ ಪೀಳಿಗೆ ಹಲವು ವರ್ಷ ಬಲೆಗಳನ್ನು ತುಂಬುತ್ತಿತ್ತು ಎಂದು ಕಂಡಿತು. 1914ರ ಅವರ ಗ್ರಂಥದ ವಾದವೆಂದರೆ, ಮೀನು ಹೆಚ್ಚುವುದೂ ಕುಗ್ಗುವುದೂ ಮೊಟ್ಟೆಗಳ ಸಂಖ್ಯೆಯಿಂದ ನಿರ್ಧಾರವಾಗುವುದಿಲ್ಲ. ಮರಿಗಳು ತಮ್ಮ ಎಳೆಯ ದಿನಗಳಲ್ಲಿ ಆಹಾರ ಸಿಕ್ಕಿ ಬದುಕುತ್ತವೆಯೇ ಎಂಬುದರಿಂದ ನಿರ್ಧಾರವಾಗುತ್ತದೆ. ಈ ವಾದ ನಿಂತರೆ ಎಳೆಯ ಮರಿಗಳನ್ನು ಕಡಲಿಗೆ ಸುರಿಯುವುದಕ್ಕೆ ಅರ್ಥ ಉಳಿಯುವುದಿಲ್ಲ. ಹಾಗಿದ್ದೂ ಆ ಕೇಂದ್ರಗಳು ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ, ಕೆಲವು ಇನ್ನೂ ಆಚೆಗೂ, ನಡೆದವು.

ಉತ್ತರ 5: ಮೀನುಮರಿ ಪಾಲಕ, ಗೌರಿಬಿದನೂರು ತಾಲ್ಲೂಕು

ಕಡಲಿನ ಉದಾಹರಣೆಯಿಂದ ಕೆರೆಗೆ ಮರಿ ಬಿಡುವುದೂ ವ್ಯರ್ಥವೆಂದು ಯಾರೂ ತಿಳಿಯಬಾರದು. 1864ರಲ್ಲಿ ನಾರ್ಫೋಕ್ ಎಂಬ ಹಡಗಿನಲ್ಲಿ, ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ಕೆಳಗಿಟ್ಟ ಟ್ರೌಟ್ ಮೊಟ್ಟೆಗಳು ಇಂಗ್ಲೆಂಡಿನಿಂದ ಟಾಸ್ಮೇನಿಯ ತಲುಪಿ ಅಲ್ಲಿ ನೆಲೆನಿಂತವು. ಜೊತೆಗೆ ಹೋದ ಸಾಲ್ಮನ್ ನೆಲೆಸಲಿಲ್ಲ. ನೀಲಗಿರಿಯಲ್ಲಿಯೂ ಬ್ರಿಟಿಷ್ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಅವರ ಕಾಲದಲ್ಲಿ ಸೋತ ಟ್ರೌಟ್ ಪ್ರಯತ್ನ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಅವರ ಕೈಯಲ್ಲಿ ಫಲಿಸಿತು. ಆ ಜಾತಿಯೇ ಇಲ್ಲದ ನೀರಿಗೆ ಬಿಡುವುದು ಬೇರೆ, ಆ ಜಾತಿ ತುಂಬಿರುವ ಕಡಲಿಗೆ ಬಿಡುವುದು ಬೇರೆ. ಕಾಟ್ಲ ಮೂಲತಃ ಪಾಲಾರ್, ಪಿನಾಕಿನಿಗಳ ಕಡೆಯ ಮೀನಲ್ಲ, ಕೆರೆಯಲ್ಲಿ ಮರಿಯನ್ನೂ ಮಾಡುವುದಿಲ್ಲ. ಆದ್ದರಿಂದ ಬಲೆಗೆ ಬಂದ ಪ್ರತಿ ಕಾಟ್ಲವೂ ಯಾರೋ ಬಿಟ್ಟದ್ದೇ. ಒಂದೋ ನೀವು, ಇಲ್ಲವೇ ಕೋಡಿ ಹರಿದಾಗ ಮೇಲಿನ ಕೆರೆಯವರು.

ಪ್ರಶ್ನೆ ಕೇಳಿದವರು: ಕೆರೆ ಏರಿಯ ಲೆಕ್ಕಿಗ, ಕೋಲಾರ ತಾಲ್ಲೂಕು

ಎಲ್ಲರಿಗೂ ವಂದನೆಗಳು. ಕಾಟ್ಲದ ಲೆಕ್ಕ ಈಗ ಸ್ಪಷ್ಟವಾಯಿತು. ಆದರೆ ಹಿಂದೆ ನಮ್ಮ ಕೆರೆ ಬೇಸಿಗೆಯಲ್ಲಿ ಬತ್ತುತ್ತಿತ್ತು. ಕೊನೆಯ ಗುಂಡಿಯ ಕೆಸರಿನಿಂದ ಕೊರವ ಮೀನನ್ನೂ ಕೈಹಾಕಿ ತೆಗೆಯುವವರೆಗೆ ಹಿಡಿಯುತ್ತಿದ್ದೆವು, ಹೀಗಾಗಿ ಬಿಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ಕಣ್ಣಂದಾಜಿನಲ್ಲಾದರೂ ತಿಳಿಯುತ್ತಿತ್ತು. 2018ರಲ್ಲಿ ಜಿಲ್ಲೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರತೊಡಗಿದ ಮೇಲೆ ನಮ್ಮ ಕೆರೆ ಬತ್ತಿಲ್ಲ. 2021ರ ನವೆಂಬರ್ ಮಳೆಗೆ ಕೋಡಿಯೂ ಹೋಯಿತು. ನೀರು ನಿಂತಿರುವುದು ಸಂತೋಷವೇ. ನೀರಿನೊಳಗೆ ಏನಿದೆ ಎಂಬುದು ಮಾತ್ರ ಮರೆಯಾಯಿತು. ಬತ್ತದ ಕೆರೆಯಲ್ಲಿ ಮೀನು ಎಣಿಸುವ ಉಪಾಯ ಆ ಹಳೆಯ ವಿಜ್ಞಾನಿಗಳಲ್ಲಿ ಯಾರಿಗಾದರೂ ಹೊಳೆದಿತ್ತೇ?

ಉತ್ತರ 6: ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ತುಮಕೂರು

ಹೊಳೆದಿತ್ತು. ಡೆನ್ಮಾರ್ಕಿನ ಸಿ.ಜಿ.ಜೆ. ಪೀಟರ್ಸನ್ 1890ರ ದಶಕದಲ್ಲಿ ಚಪ್ಪಟೆ ಮೀನುಗಳಿಗೆ ಗುಂಡಿಯಂಥ ಬಿಲ್ಲೆ ಕಟ್ಟಿ ಕಡಲಿಗೆ ಬಿಟ್ಟು, ಮರಳಿ ಸಿಕ್ಕವುಗಳಿಂದ ಲೆಕ್ಕ ಮಾಡುವ ದಾರಿ ಹಾಕಿದರು. ನಿಮ್ಮ ಕೆರೆಯಲ್ಲಿ ಒಂದು ದಿನ 200 ಗೆಂಡೆ ಹಿಡಿದು, ಗುರುತು ಮಾಡಿ, ಕೆರೆಯ ಬೇರೆ ಬೇರೆ ಮೂಲೆಗಳಲ್ಲಿ ಬಿಡಿ. ಒಂದು ವಾರ ಬಿಟ್ಟು ಬಲೆ ಹಾಕಿದಾಗ 150 ಸಿಕ್ಕಿ, ಅವುಗಳಲ್ಲಿ 6ಕ್ಕೆ ಗುರುತಿದ್ದರೆ, 200ನ್ನು 150ರಿಂದ ಗುಣಿಸಿ 6ರಿಂದ ಭಾಗಿಸಿ: ಸುಮಾರು 5,000 ಗೆಂಡೆ. ಗುರುತಿನವು ಆರಕ್ಕಿಂತಲೂ ಕಡಿಮೆ ಸಿಕ್ಕರೆ ಈ ಅಂದಾಜನ್ನು ನಂಬಬೇಡಿ, ಇನ್ನಷ್ಟು ಹಿಡಿಯಿರಿ. ಕೋಡಿ ಹರಿಯುತ್ತಿರುವಾಗ ಮಾಡಬೇಡಿ. ಒಂದೇ ಬಲೆಯ ಕಣ್ಣಿಗೆ ಸಿಗುವ ಗಾತ್ರದ ಮೀನಿಗೆ ಮಾತ್ರ ಈ ಲೆಕ್ಕ ಸಲ್ಲುತ್ತದೆ ಎಂಬುದನ್ನೂ ಪುಸ್ತಕದಲ್ಲಿ ಬರೆದಿಡಿ.

ಸಾಮಾನ್ಯ ಗೆಂಡೆಯದು ಬೇರೆ ತೊಡಕು. ಅದು ಕೆರೆಯಲ್ಲೇ ಹುಟ್ಟುವುದರಿಂದ ಬಿಟ್ಟದ್ದು ಯಾವುದು, ಹುಟ್ಟಿದ್ದು ಯಾವುದು ಎಂದು ತಿಳಿಯಬೇಕಾದರೆ ಬಿಡುವಾಗಲೇ ಒಂದಷ್ಟು ಮರಿಗಳಿಗೆ ಗುರುತು ಬೇಕು. ಅಮೆರಿಕದ ಸಾಲ್ಮನ್ ಕೇಂದ್ರಗಳಲ್ಲಿ ಬೆನ್ನಿನ ತುದಿಯಲ್ಲಿರುವ ಮೃದುವಾದ ಪುಟ್ಟ ರೆಕ್ಕೆಯನ್ನು ಕತ್ತರಿಸುತ್ತಾರೆ. ನಮ್ಮ ಗೆಂಡೆಗಳಿಗೆ ಆ ರೆಕ್ಕೆಯೇ ಇಲ್ಲ.

ಉತ್ತರ 7: ಮೀನುಮರಿ ಪಾಲಕ, ಗೌರಿಬಿದನೂರು ತಾಲ್ಲೂಕು

ಹೊಟ್ಟೆಯ ಕೆಳಗಿನ ಜೋಡಿ ಈಜುರೆಕ್ಕೆಗಳಲ್ಲಿ ಎಡಗಡೆಯದನ್ನು ತೆಗೆಯಿರಿ. ಬೆರಳುದ್ದಕ್ಕಿಂತ ಸಣ್ಣ ಮರಿಗೆ ಕೈ ಹಾಕಬೇಡಿ, ಸಾಯುತ್ತದೆ. ಕತ್ತರಿ ಸಣ್ಣದಿರಲಿ, ರೆಕ್ಕೆಯ ಬುಡದವರೆಗೆ ಕತ್ತರಿಸಬೇಕು. ತುದಿ ಮಾತ್ರ ಕತ್ತರಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಬೆಳೆದು ಗುರುತು ಅಳಿಯುತ್ತದೆ. ಬೆಳಗ್ಗೆ ತಂಪು ಹೊತ್ತಿನಲ್ಲಿ, ಒದ್ದೆ ಕೈಯಿಂದಲೇ ಹಿಡಿದು ಮಾಡಿ. ಮುಂದಿನ ಸಲ ಮರಿ ಬರುವ ದಿನ ತಿಳಿಸಿದರೆ ನಾನೂ ಒಂದು ಕತ್ತರಿ ಹಿಡಿದು ಬರುತ್ತೇನೆ.